ಮಲಗುವ ಕೂಸೆಂದರೆ ಹೆದರುತ್ತಿದ್ದವರು

ಹೋದ ಭಾನುವಾರ ಅಮ್ಮ ಹೊಸದುರ್ಗದಿಂದ ಫೋನ್ ಮಾಡಿದ್ದಳು. ಮಾತು ಮುಗಿಸುವ ಹೊತ್ತಿಗೆ, "ನಿಂಗೆ ನೀರು ಹಾಕಾಕೆ ಬರ್ತಿದ್ರಲ್ಲ, ಅವರು ಇನ್ಮೇಲೆ ಯಾರ ಮನೆಗೂ ಬರಲ್ಲಂತೆ" ಎಂದಳು. ಮಂಡಿ ಸವೆದಿದೆಯಂತೆ. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕಂತೆ. ಕಾಲು ಚಾಚಿ ಕೂರಲೇಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಕೂಸಿಗೆ ನೀರೆರೆಯುವವರಿಗೆ ಕಾಲು ಚಾಚಬೇಡ ಎಂದರೆ ಕೆಲಸ ಬಿಡು ಎಂದೇ ಅರ್ಥ.

ಫೋನ್ ಇಟ್ಟ ಮೇಲೆ ಮಗಳು ಹುಟ್ಟಿದ ವರ್ಷದ ನೋಟ್‌ಬುಕ್ ಹುಡುಕಿ ತೆಗೆದೆ. ನಾನು ಎಂಟನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಉಳಿದ ಪುಸ್ತಕಗಳಲ್ಲಿ ತಾರೀಖು ಇರುವ ಜಾಗದಲ್ಲಿ ಆ ಒಂದರಲ್ಲಿ ಮಾತ್ರ ಮಗಳ ವಯಸ್ಸಿದೆ: ಹದಿಮೂರನೇ ದಿನ, ಹದಿನಾಲ್ಕನೇ ದಿನ, ಹೀಗೆ. ಪುಟಕ್ಕೆ ನಾಲ್ಕು ಅಂಕಣ. ಮಲಗಿದ್ದು, ಎದ್ದದ್ದು, ಕುಡಿದದ್ದು, ಎರೆದದ್ದು. ಕೊನೆಯ ಅಂಕಣ ಅವರದು. ನೂರಕ್ಕೂ ಹೆಚ್ಚು ಟಿಕ್ ಗುರುತುಗಳಿವೆ, ಹೆಸರು ಎಲ್ಲಿಯೂ ಇಲ್ಲ. ಈಗಲೂ ಬರೆಯುವುದಿಲ್ಲ. ತಮ್ಮ ವಿಷಯ ಕಾಗದದ ಮೇಲೆ ಬರುವುದು ಅವರಿಗೆ ಸೇರುತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿರುವ ತಮ್ಮ ಫೋಟೊವನ್ನೇ ಅವರು ಬೆರಳಿನಿಂದ ಮುಚ್ಚಿ ಹಿಡಿದು ತೋರಿಸುತ್ತಿದ್ದರು.

ನಾನು ತಾಳ್ಯದ ಹತ್ತಿರದ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿ. ಅದು ಗಂಡನ ಊರು. ಬೆಳಗ್ಗೆ ಸಂಜೆ ಜನ ಕ್ಯಾನು, ತಂಬಿಗೆ ಹಿಡಿದುಕೊಂಡು ಸಾಲು ನಿಲ್ಲುತ್ತಾರೆ. ನಾನು ಅಳೆಯುತ್ತೇನೆ, ಸ್ಯಾಂಪಲ್ ತೆಗೆದು ಕೊಬ್ಬು ನೋಡುತ್ತೇನೆ, ಚೀಟಿ ಕೊಡುತ್ತೇನೆ. ಯಾರ ಬಾಯಿಮಾತನ್ನೂ ನಂಬುವಂತಿಲ್ಲದ ಕೆಲಸ. ಹೆರಿಗೆಗೆಂದು ತವರಿಗೆ ಹೊರಟಾಗ ಬಟ್ಟೆಗಿಂತ ಮೊದಲು ಹೊಸ ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ.

ಮಗಳು ಹುಟ್ಟಿ ಹನ್ನೊಂದನೇ ದಿನ ಅವರು ಮೊದಲ ಸಲ ಬಂದರು. ಬಾಗೂರಿನಿಂದ ಮೊದಲ ಬಸ್ಸಿಗೆ ಬಂದಿದ್ದರು. ಕಂಕುಳಲ್ಲಿ ಬಾಣಂತಿಯ ನೀರಿಗೆ ಹಾಕುವ ಲಕ್ಕಿ ಸೊಪ್ಪಿನ ಕಟ್ಟು. ಅರವತ್ತು ದಾಟಿದ ಸಣಕಲು ಮೈ, ಆ ಮೈಗೆ ಹೊಂದದಷ್ಟು ಉದ್ದನೆಯ ಕೈಗಳು. ಕೋಣೆಯೊಳಗೆ ಬಂದವರು ನನ್ನನ್ನೂ ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಕಿಟಕಿ ನೋಡಿದರು.

"ಅವ್ವಾ, ಒಂದು ಹಳೇ ಸೀರೆ ಕೊಡ್ರಿ ಇಲ್ಲಿ" ಎಂದು ಅಮ್ಮನಿಂದ ಸೀರೆ ಇಸಿದುಕೊಂಡು, ಅದನ್ನು ಹಗ್ಗದಂತೆ ಹುರಿ ಮಾಡಿ, ಚಾಕುವಿನ ಬೆನ್ನಿನಿಂದ ಕಿಟಕಿಯ ಸಂದಿಗಳಿಗೆಲ್ಲ ತುರುಕಿದರು. ಎಳೆಯಷ್ಟು ಬೆಳಕು ಬರುತ್ತಿದ್ದ ಒಂದು ಮೂಲೆಯಿತ್ತು. ಅದನ್ನೂ ಬಿಡಲಿಲ್ಲ.

"ಉಸಿರು ಕಟ್ಟುತ್ತೆ ದೊಡ್ಡಮ್ಮಾ" ಎಂದೆ.

"ಕಟ್ಲಿ ಬಿಡು, ಮೂರೇ ತಿಂಗಳು. ಈಗ ಗಾಳಿ ಹೊಕ್ಕಂಡ್ರೆ ಮೂವತ್ತು ವರ್ಷ ಸೊಂಟ ಹಿಡ್ಕಂಡು ನನ್ನ ಬೈಕಂತೀಯ."

ಹಾಗೆ ಆ ಕೋಣೆಯನ್ನು ಮುಚ್ಚಿದವರೇ ಅವರು. ಹತ್ತಡಿಗೆ ಎಂಟಡಿ. ಒಂದು ಮಂಚ, ಮಂಚದ ಕೆಳಗೆ ತೆಂಗಿನ ಚಿಪ್ಪಿನ ಕೆಂಡದ ಬಾಣಲೆ, ಗೋಡೆಗೆ ಗಡಿಯಾರ. ನನ್ನ ಕಿವಿಗಳಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಬಚ್ಚಲಿಗೆ ಹೋಗುವುದೊಂದೇ ನನ್ನ ತಿರುಗಾಟ. ಗಂಡ ಭಾನುವಾರ ಬಂದು ಹೊಸ್ತಿಲಾಚೆ ನಿಂತು, ಆಸ್ಪತ್ರೆಗೆ ನೋಡಲು ಬಂದವನಂತೆ "ಹೆಂಗಿದೀಯ?" ಎಂದು ಕೇಳಿ ಹೋಗುತ್ತಿದ್ದ. ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಎಂಬುದನ್ನು ನಾನು ಬಂದವರ ಮುಖದ ಬೆವರು ನೋಡಿ ತಿಳಿದುಕೊಳ್ಳಬೇಕಿತ್ತು.

ಅವರು ಎರೆಯುವುದನ್ನು ನೋಡುವುದಕ್ಕೆ ಓಣಿಯ ಹೆಂಗಸರು ನೆಪ ಮಾಡಿಕೊಂಡು ಬರುತ್ತಿದ್ದರು. ಬಳೆಗಳನ್ನು ಮೊಣಕೈತನಕ ಸರಿಸಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುವರು. ಸೀರೆಯನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು ಎರಡೂ ಕಾಲು ಚಾಚುವರು. ನೀರಿನ ಬಿಸಿಯನ್ನು ಬೆರಳಿನಿಂದ ನೋಡುತ್ತಿರಲಿಲ್ಲ. "ನನ್ನ ಬೆರಳು ಸುಟ್ಟು ಸುಟ್ಟು ಸತ್ತೋಗ್ಯವೆ" ಎಂದು ಮೊಣಕೈ ಅದ್ದುತ್ತಿದ್ದರು. ಆಮೇಲೆ ಮಗುವನ್ನು ಮೊಣಕಾಲುಗಳ ಮೇಲೆ ಬೋರಲು ಹಾಕಿಕೊಂಡು ಅದರ ಜೊತೆ ಮಾತು ಶುರುಮಾಡುತ್ತಿದ್ದರು.

"ಏನವ್ವ ಗೌಡ್ತಿ, ರಾತ್ರಿಯೆಲ್ಲ ಊರು ಕಾಯ್ದೇನು? ಯಾವ ಕಳ್ಳ ಬಂದಿದ್ದ ಹೇಳು. ಹಾಂ? ಏನೂ ಸಿಗಲಿಲ್ಲಂತಾ? ಪಾಪ, ನಿಮ್ಮಪ್ಪನ ಮನ್ಯಾಗೆ ಏನಿರ್ತೈತೆ!"

ಮಗು ಅಳು ನಿಲ್ಲಿಸಿ ಕೇಳಿಸಿಕೊಳ್ಳುತ್ತಿತ್ತು. ಗಂಡನ ಮನೆಯನ್ನು ಹೀಗೆ ಯಾರಾದರೂ ಬೈಯುವುದನ್ನು ಕೇಳಿ ನನಗೂ ಒಳಗೊಳಗೆ ಹಿತವಾಗುತ್ತಿತ್ತು.

ಅವರು ಎರೆದ ಮಕ್ಕಳು ಎಷ್ಟು ಎಂಬ ಲೆಕ್ಕ ಅವರಿಗಿರಲಿಲ್ಲ. ಆದರೆ ಒಬ್ಬೊಬ್ಬರೂ ನೆನಪಿದ್ದರು. ಬಾಗೂರಿನ ಬಸ್ಸಿನ ಕಂಡಕ್ಟರ್ ಒಂದು ದಿನ ಉಚಿತ ಟಿಕೆಟ್ ಕೊಡುವ ಮೊದಲು ಆಧಾರ್ ಕಾರ್ಡು ತೋರಿಸಲು ಹೇಳಿದನಂತೆ. ಅದನ್ನು ಅವರು ಅಭಿನಯಿಸಿ ತೋರಿಸಿದರು. "ಬಸ್ಸಿನ ತುಂಬ ಜನ. ನಾನಂದೆ, ಲೇ, ನಿನ್ನ ಕುಂಡಿ ತೊಳ್ದೋಳು ನಾನು. ನಂಗೇ ಆಧಾರ್ ಕೇಳ್ತಿಯೇನಲೇ? ಬೇಕಾದ್ರೆ ನಿನ್ನ ಮಚ್ಚೆ ಎಲ್ಲೈತೆ ಅಂತ ಇಲ್ಲೇ ಹೇಳ್ಲಾ? ಅಂದೆ. ಪಾಪ, ಟಿಕೆಟ್ ಹರಿದು ಕೈಗಿಟ್ಟು ಹಿಂದಕ್ಕೋಗಿ ನಿಂತ್ಕಂಡ."

ಅವರದೊಂದು ಅಭ್ಯಾಸ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದ ಅವರು, ಅಮ್ಮ "ಬಾರಕ್ಕಾ" ಎಂದರೂ ಒಳಗೆ ಬಾರದೆ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಒಂದು ನಿಮಿಷ ತಲೆಯೆತ್ತಿ ನಿಲ್ಲುತ್ತಿದ್ದರು. ಬಚ್ಚಲಿಗೆ ಹೋಗುವಾಗ ಬಾಗಿಲ ಸಂದಿನಿಂದ ನಾನು ನೋಡಿದ್ದೆ. ಮಳೆ ಬರುತ್ತದೆಯೇ ಎಂದು ನೋಡುತ್ತಾರೆ ಎಂದುಕೊಂಡಿದ್ದೆ.

ಮಗಳು ರಾತ್ರಿ ಮಲಗುತ್ತಿರಲಿಲ್ಲ. ನೋಟ್‌ಬುಕ್ ತೆರೆದರೆ ಈಗಲೂ ಕಾಣುತ್ತದೆ. ಇಪ್ಪತ್ತನೇ ದಿನ: ಒಂಬತ್ತರಿಂದ ಆರರೊಳಗೆ ಏಳು ಸಲ. ಇಪ್ಪತ್ತೊಂದನೇ ದಿನ: ಏಳು ಸಲ. ಇಪ್ಪತ್ತೆರಡು: ಎಂಟು. ಅತಿ ಹೆಚ್ಚು ಹೊತ್ತು ಒಂದೇ ಸಮನೆ ಮಲಗಿದ್ದು: ಒಂದು ಗಂಟೆ ಐವತ್ತು ನಿಮಿಷ. ಕುಡಿಸಿ, ತೇಗು ಬರಿಸಿ, ಮಲಗಿಸಿ, ನೋಟ್‌ಬುಕ್ಕಿನಲ್ಲಿ ಬರೆದು, ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಆ ಸಣ್ಣ ಕುಂಯ್‌ಗುಡುವ ಸದ್ದು. ಹಗಲು ಮಲಗು ಎಂದು ಎಲ್ಲರೂ ಹೇಳುತ್ತಿದ್ದರು. ಹಗಲಿಡೀ ನಾನು ಹಿಂದಿನ ರಾತ್ರಿಯ ಅಂಕಿಗಳನ್ನು ಕೂಡಿಸುತ್ತಿದ್ದೆ.

ಬೆಳಗಾದರೆ ಬಂದವರೆಲ್ಲರ ಪ್ರಶ್ನೆ ಒಂದೇ: "ರಾತ್ರಿ ಮಲಗ್ತಾ?" ಅತ್ತೆ ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ನಮ್ಮ ಹುಡುಗ ಒಂದು ತಿಂಗಳಿಗೆಲ್ಲ ಬೆಳತನಕ ಮಲಗ್ತಿದ್ದ ನೋಡಮ್ಮ. ಹೊಟ್ಟೆ ತುಂಬಿದ್ರೆ ಯಾವ ಕೂಸಾದ್ರೂ ಯಾಕೆ ಏಳ್ತೈತೆ?" ಅತ್ತೆ ಕೆಟ್ಟವರಲ್ಲ. ನಾನು ಒಣಗಿಹೋಗುತ್ತಿದ್ದೇನೆ ಎಂದು ಅವರಿಗೆ ನಿಜವಾಗಿಯೂ ಚಿಂತೆ. ಆದರೆ ಆ ಮಾತು ಕೇಳಿದ ಮೇಲೆ ಪ್ರತಿ ಸಲ ಮಗು ಎದ್ದಾಗಲೂ ನನ್ನ ಹಾಲು ಸಾಲುತ್ತಿಲ್ಲ ಎಂದು ಒಂದು ಚೀಟಿ ಹರಿದು ಕೊಟ್ಟಂತೆ ಆಗುತ್ತಿತ್ತು.

ಎರೆಯಲು ಬರುತ್ತಿದ್ದ ಇವರು ಮಾತ್ರ ಆ ಪ್ರಶ್ನೆ ಕೇಳಿದವರಲ್ಲ. ಕೇಳುತ್ತಿದ್ದದ್ದು, "ಎದ್ದಾಗ ಗಟ್ಟಿಯಾಗಿ ಅಳ್ತಾಳಾ?" ಅಷ್ಟೇ. ನಾನೇ ಒಮ್ಮೆ ತಡೆಯಲಾರದೆ, "ಯಾವಾಗ ಮಲಗ್ತಾಳೆ ದೊಡ್ಡಮ್ಮಾ? ಎಷ್ಟನೇ ತಿಂಗಳಿಗೆ?" ಎಂದೆ.

"ಮೂರಕ್ಕೂ ಮಲಗ್ತವೆ, ಆರಕ್ಕೂ ಮಲಗ್ತವೆ. ವರ್ಷ ತುಂಬಿ ಓಡಾಡಿದ್ರೂ ರಾತ್ರಿ ಏಳಾವು ಅವೆ. ಎದೆ ಹಾಲು ಕುಡಿಯೋ ಕೂಸು ಕಣವ್ವ, ಬೇಗ ಅರಗ್ತೈತೆ, ಬೇಗ ಹಸಿತೈತೆ. ಟೈಮಿಗೆ ಸರಿಯಾಗಿ ಕೂಗಾಕೆ ಅದೇನು ಮಿಲ್ಲಿನ ಸೈರನ್ನಾ?"

"ಒಂದು ಅಂದಾಜಾದ್ರೂ ಹೇಳಿ."

"ನೋಡಪ್ಪ ಇವಳ್ನ! ಅಂದಾಜು ಹೇಳಿದ್ರೆ ಆ ಬುಕ್ಕಿಗೆ ಬರ್ಕಂತೀಯ. ಆ ದಿನ ಕೂಸು ಮಲಗ್ಲಿಲ್ಲಾಂದ್ರೆ ನನ್ನ ಹಿಡ್ಕಂತೀಯ."

ಮೂವತ್ತೆಂಟನೇ ದಿನ ನಾನೊಂದು ಕೆಲಸ ಮಾಡಿದೆ. ಹಿಂದಿನ ಭಾನುವಾರ ಗಂಡನಿಗೆ ಹೇಳಿ ಡೈರಿಯಿಂದ ಗೆರೆ ಹಾಕಿದ ಸಣ್ಣ ಅಳತೆಯ ಲೋಟ ತರಿಸಿಕೊಂಡಿದ್ದೆ. ಎರಡು ವರ್ಷದಿಂದ ಊರಿನ ಎಮ್ಮೆ, ಹಸುಗಳ ಹಾಲನ್ನೆಲ್ಲ ಅಳೆದವಳು ನಾನು. ನನ್ನದನ್ನೇ ಅಳೆಯದೆ ಸಾಲದು ಎಂದು ಹೇಗೆ ಒಪ್ಪಲಿ? ಮಗು ಕುಡಿದು ಮಲಗಿದ ಒಂದು ಗಂಟೆಯ ಮೇಲೆ ಬಾಗಿಲು ಮುಂದೆ ಮಾಡಿಕೊಂಡು, ಕೈಯಿಂದ ಹಿಂಡಿ ಲೋಟಕ್ಕೆ ತೆಗೆದೆ. ಇಪ್ಪತ್ತು ನಿಮಿಷ. ಬೆರಳುಗಳು ನೋಯತೊಡಗಿದವು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿದೆ. ಹದಿನೆಂಟು ಮಿಲಿ.

ಬರೆದೆ. ಬರೆಯಬಾರದಿತ್ತು. ಅಮ್ಮ ಸಂಜೆ ಮೆಣಸಿನ ಸಾರು ತಂದಾಗ ಪುಸ್ತಕ ತೆರೆದೇ ಇತ್ತು, ಪಕ್ಕದಲ್ಲಿ ಲೋಟವಿತ್ತು. "ಇಷ್ಟೇನಾ?" ಎಂದಳು. ಅವಳ ದನಿಯಲ್ಲಿ ಬೈಗುಳವಿರಲಿಲ್ಲ, ಅಯ್ಯೋ ಎನ್ನುವ ಭಾವವಿತ್ತು. ಅದೇ ಹೆಚ್ಚು ಚುಚ್ಚಿತು. ಅಂದೇ ಅತ್ತೆಗೆ ಫೋನ್ ಹೋಯಿತು. ಮರುದಿನ ಮಧ್ಯಾಹ್ನ ಅತ್ತೆ ಪುಡಿ ಹಾಲಿನ ಡಬ್ಬಿ, ಬಾಟಲಿ ಹಿಡಿದು ಬಂದಿಳಿದರು.

"ಬರೆದಿರೋದು ನೀನೇ ಅಲ್ಲೇನಮ್ಮ?" ಎಂದರು. ನಾನು ಪುಸ್ತಕವನ್ನು ದಿಂಬಿನ ಕೆಳಗೆ ಸರಿಸಿದೆ.

ಮೂರು ರಾತ್ರಿ ಮಲಗುವ ಮುಂಚೆ ಬಾಟಲಿ ಕೊಟ್ಟರು. ಅದರಲ್ಲೂ ನಾನು ಲೆಕ್ಕ ಬಿಡಲಿಲ್ಲ. ಆರು ಸಲ, ಏಳು ಸಲ, ಆರು ಸಲ. ವ್ಯತ್ಯಾಸವೇನೂ ಇರಲಿಲ್ಲ. ಆದರೆ ಎದೆ ಕಲ್ಲಾಯಿತು. ಬಾಟಲಿ ಹಿಡಿದವರ ತೋಳಿನಲ್ಲಿ ಮಗು ಚಪ್ಪರಿಸುವ ಸದ್ದು ಕೇಳಿದಾಗೆಲ್ಲ ಇತ್ತ ನನ್ನ ರವಿಕೆ ತೊಯ್ಯುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಆ ಕೋಣೆಯಲ್ಲಿ ನನ್ನಿಂದ ಆಗಬೇಕಾದ ಕೆಲಸ ಒಂದೇ ಇತ್ತು. ಅದನ್ನೂ ಕಿತ್ತುಕೊಂಡ ಮೇಲೆ ಅಲ್ಲಿ ನಾನು ಯಾಕೆ ಬಿದ್ದಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ.

ಅವರಿಗೆ ಮೊದಲ ಬೆಳಗ್ಗೆಯೇ ಗೊತ್ತಾಗಿತ್ತು. ಮಗುವಿನ ಬಾಯಿ ಮೂಸಿ, "ಬ್ಯಾರೆ ವಾಸನೆ ಬರ್ತೈತೆ" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಸುಮ್ಮನಾಗಿದ್ದರು. ಬೀಗಿತ್ತಿಯರಿಬ್ಬರ ನಡುವೆ ತಲೆ ಹಾಕಿದರೆ ಕೈತಪ್ಪುವುದು ಅವರು ಕೆಲಸ ಮಾಡುವ ಮನೆಯಲ್ಲವೇ. ಮೂರನೇ ದಿನ ನನಗೆ ನೀರು ಹಾಕುವಾಗ ಅವರ ಕೈಗೆ ಎದೆಯ ಗಂಟು ತಗುಲಿತು. ನಾನು ಚೀರಿದೆ.

"ಇದೇನೇ ಇದು, ಹಾಲು ಕಟ್ಕಂಡೈತೆ! ಇಷ್ಟು ಇಟ್ಕಂಡು ಡಬ್ಬಿ ಯಾಕೆ ಹಾಕ್ತೀರೇ?"

ಬಿಸಿ ನೀರಿನ ಬಟ್ಟೆ ಒತ್ತುತ್ತಾ, ಬಗಲ ಕಡೆಯಿಂದ ನೀವುತ್ತಾ, ನನ್ನ ಬಾಯಿಂದ ಎಲ್ಲ ಹೊರಡಿಸಿದರು. ಹದಿನೆಂಟು ಮಿಲಿ ಎಂದು ಹೇಳಿದಾಗ ಅವರ ಕೈ ನಿಂತಿತು. ನಗಲು ಶುರುಮಾಡಿದರು. ನಕ್ಕೂ ನಕ್ಕೂ ಚೊಂಬು ಕೆಳಗಿಟ್ಟರು.

"ನೀನು ಡೈರಿಯಾಗೆ ಏನ್ ಕೆಲ್ಸ ಮಾಡ್ತೀಯ?"

"ಕಾರ್ಯದರ್ಶಿ."

"ಬರೀ ಕ್ಯಾನು ನೋಡಿದೀಯ, ಕೊಟ್ಟಿಗೆ ನೋಡಿಲ್ಲ. ಕರ ಬಾಯಿ ಹಾಕ್ದೆ ಎಮ್ಮೆ ಹಾಲು ಇಳಿಸ್ತೈತೇನೆ? ಲೋಟ ತೋರಿಸಿದ್ರೆ ಇಳಿಸ್ತೈತಾ? ಎಮ್ಮೆಗಿರೋ ಬುದ್ಧಿ ನಿನ್ನ ಎದೆಗೂ ಐತೆ ಕಣೇ ಹುಚ್ಚಿ. ಅದು ಕೂಸಿಗೆ ಬಿಡ್ತೈತೆ, ಲೋಟಕ್ಕೆ ಬಿಡಲ್ಲ."

ಬಿಸಿ ನೀರು ಸುರಿಯುತ್ತಿತ್ತು, ನಾನು ಅಳುತ್ತಿದ್ದೆ. ನಮ್ಮೂರಿನ ಒಬ್ಬ ಮುದುಕ, ಕರು ಸತ್ತ ಎಮ್ಮೆ ಹಾಲು ಇಳಿಸುತ್ತಿಲ್ಲವೆಂದು ದಿನಾ ಖಾಲಿ ತಂಬಿಗೆ ಹಿಡಿದು ಬಂದು ಡೈರಿ ಬಾಗಿಲಲ್ಲಿ ಗೋಳಾಡಿದ್ದ. ಅದನ್ನೂ ನಾನು ಬರೆದಿಟ್ಟಿದ್ದೆ. ಬರೆದಿದ್ದಷ್ಟೇ.

ಅವರು ಒದ್ದೆ ಸೀರೆಯಲ್ಲೇ ನಡುಮನೆಗೆ ಹೋದರು. ಅತ್ತೆ ಅಲ್ಲೇ ಕೂತಿದ್ದರು. ನಾನು ಬಚ್ಚಲಲ್ಲಿ ಕೂತು ಕೇಳಿಸಿಕೊಂಡೆ.

"ಅಮ್ಮಾವ್ರೇ, ಸಿಟ್ಟು ಮಾಡ್ಕಬ್ಯಾಡ್ರಿ. ನಾನು ದಿನಾ ಬಂದ ತಕ್ಷಣ ತಂತಿ ನೋಡ್ತೀನಿ. ಕೂಸು ಒದ್ದೆ ಮಾಡಿದ ಬಟ್ಟೆ ಹನ್ನೆರಡಕ್ಕೆ ಕಮ್ಮಿ ಯಾವತ್ತೂ ಇಲ್ಲ. ಕುಡೀದೆ ಇದ್ರೆ ಎಲ್ಲಿಂದ ಉಚ್ಚೆ ಹೊಯ್ತೈತೆ ಕೂಸು?"

"ಬಟ್ಟೆ ನೋಡಿ ಹಾಲು ಹೇಳ್ತೀಯೇನಮ್ಮ ನೀನು? ಅವಳೇ ಅಳೆದು ಬರೆದವ್ಳೆ."

"ಅವಳು ಕೂಸಿನಂಗೆ ಚೀಪಿದ್ಲಾ? ಹಂಗಾರೆ ಹೇಳ್ರಿ."

ಅತ್ತೆ ನಗುವನ್ನು ನುಂಗಿಕೊಂಡದ್ದು ನನಗೆ ಕೇಳಿಸಿತು. ಆದರೂ ಬಿಡಲಿಲ್ಲ. "ತೂಕ ಹಾಕ್ಸಾಣ. ಏರಿದ್ರೆ ನಾನೇ ಡಬ್ಬಿ ತಗಂಡು ಹೋಗ್ತೀನಿ. ಏರದಿದ್ರೆ ನೀವ್ಯಾರೂ ಮಾತಾಡಂಗಿಲ್ಲ" ಎಂದರು.

ಇವರೋ, ತಾವು ಎರೆಯುವ ಕೂಸನ್ನು ತಕ್ಕಡಿಗೆ ಹಾಕಲು ಎಂದೂ ಬಿಡುತ್ತಿರಲಿಲ್ಲ. ತೂಗಿದರೆ ಕೂಸು ಇಳಿಯುತ್ತದೆ, ಇಷ್ಟಿದೆ ಅಷ್ಟಿದೆ ಎಂದು ಬಾಯಲ್ಲಿ ಆಡಿದರೆ ಕಣ್ಣು ತಾಗುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಇಂಜೆಕ್ಷನ್ನಿಗೆ ಹೋದಾಗ ಆಸ್ಪತ್ರೆಯಲ್ಲಿ ತೂಗಿದರೆಂದು ತಿಳಿದರೆ ಮರುದಿನ ಮೂರು ಸಲ ದೃಷ್ಟಿ ತೆಗೆಯುವವರು. ಅಂಥವರು ಅಂದು, "ಆಗ್ಲಿ. ಅಂಗನವಾಡಿಯಿಂದ ತಕ್ಕಡಿ ತರ್ಸಿ" ಎಂದರು. ಆಮೇಲೆ ಬಚ್ಚಲಿಗೆ ಬಂದು ನನ್ನ ಮೇಲೆ ರೇಗಿದರು. "ನಿಮ್ಮತ್ತೆಗೂ ನಂಬರ್ ಬೇಕು, ನಿಂಗೂ ನಂಬರ್ ಬೇಕು. ಇಬ್ರೂ ಒಂದೇ ಅಚ್ಚು!"

ಅಂಗನವಾಡಿ ಟೀಚರ್ ಬಂದು ನಡುಮನೆಯ ಕೊಂಡಿಗೆ ತಕ್ಕಡಿ ನೇತುಹಾಕಿದರು. ಮಗುವನ್ನು ತಕ್ಕಡಿಯ ಜೋಳಿಗೆಯಲ್ಲಿ ಮಲಗಿಸುವ ಮೊದಲು ಇವರು ಹಿತ್ತಿಲಿಗೆ ಹೋದರು. ನಾನು ಬಾಗಿಲ ಸಂದಿನಿಂದ ನೋಡಿದೆ. ತೆಂಗಿನ ಗರಿಗಳ ರಾಶಿಯ ಪಕ್ಕದಲ್ಲಿ ನಿಂತು, ಎರಡೂ ಕಿವಿಗಳಿಗೆ ಬೆರಳು ಹಾಕಿಕೊಂಡು, ಕಣ್ಣು ಮುಚ್ಚಿಕೊಂಡಿದ್ದರು. ಹುಟ್ಟಿದಾಗ ಎರಡು ಕೆಜಿ ಏಳುನೂರು ಗ್ರಾಂ ಇದ್ದವಳು ನಲವತ್ತೆರಡನೇ ದಿನ ನಾಲ್ಕು ಕೆಜಿ ತುಂಬಿದ್ದಳು. ಟೀಚರ್ ಎರಡು ಸಲ ನೋಡಿ, "ಚೆನ್ನಾಗಿ ಏರಿದೆ, ಎದೆ ಹಾಲೇ ಸಾಕು, ಬಾಟ್ಲಿ ಬೇಕಿಲ್ಲ" ಎಂದರು. ಅತ್ತೆ ಆಡಿದ ಮಾತಿಗೆ ತಪ್ಪಲಿಲ್ಲ. ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಮತ್ತೆ ಯಾಕಮ್ಮ ಮಲಗಲ್ಲ ಅದು?" ಎಂದು ನಿಜವಾಗಿಯೂ ತಿಳಿಯದವರಂತೆ ಕೇಳಿದರು.

ಇವರು ಒಳಗೆ ಬಂದವರೇ ಎಷ್ಟಾಯಿತೆಂದು ಕೇಳಲಿಲ್ಲ. ಮಗುವಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. "ನೋಡು, ಎಷ್ಟು ಕಣ್ಣು ಬಿದ್ದಿತ್ತು" ಎಂದು ನನ್ನನ್ನು ದುರುಗುಟ್ಟಿ ನೋಡಿದರು, ಆ ಕಣ್ಣುಗಳಲ್ಲಿ ನನ್ನವೂ ಎರಡು ಎಂಬಂತೆ.

ಗೆದ್ದೆ ಎಂದುಕೊಂಡೆ. ಆದರೆ ರಾತ್ರಿಗಳು ಬದಲಾಗಲಿಲ್ಲ. ಐವತ್ತನೇ ದಿನ ಆರು ಸಲ, ಅರವತ್ತಕ್ಕೆ ಐದು, ಅರವತ್ತೊಂದಕ್ಕೆ ಮತ್ತೆ ಏಳು. ತೊಂಬತ್ತೊಂದನೇ ದಿನ ಅವರೇ ಕಿಟಕಿಯ ಸಂದಿನಿಂದ ಸೀರೆ ಕಿತ್ತು ತೆಗೆದರು. ಹೊರಗಿನ ಗೋಡೆ, ಗೋಡೆಯ ಮೇಲೊಂದು ಬೆಕ್ಕು ಕಂಡವು. ಅಷ್ಟು ದಿನ ಇದಕ್ಕಾಗಿ ಕಾದವಳಿಗೆ ಬೆಳಕು ಕಣ್ಣಿಗೆ ಹೊಡೆದು ನಾನೇ ಪರದೆ ಎಳೆದುಕೊಂಡೆ. ಕಿಟಕಿ ತೆರೆದರೂ ಒಂದೂವರೆ ಗಂಟೆಗೊಮ್ಮೆ ಏಳುವ ಆ ಕುಣಿಕೆ ಬಿಚ್ಚಿರಲಿಲ್ಲ. ಬೇರೆಯವರ ಮಕ್ಕಳು ಮಲಗುವ ಸುದ್ದಿ ಕೇಳಿದರೆ ನನಗೆ ಹೊಟ್ಟೆಕಿಚ್ಚು. ಒಂದು ದಿನ ನೀರು ಹಾಕಿಸಿಕೊಳ್ಳುತ್ತಾ, ಪಕ್ಕದ ಓಣಿಯ ಬಾಣಂತಿಯ ಮಗುವಿನ ಸುದ್ದಿ ಎತ್ತಿದೆ. "ಅದು ಇಪ್ಪತ್ತು ದಿನದ್ದಂತೆ, ಈಗಲೇ ರಾತ್ರಿಯೆಲ್ಲ ಮಲಗುತ್ತಂತೆ. ಎಂಥಾ ಪುಣ್ಯ ನೋಡಿ!"

ಅವರು ನನ್ನ ಬೆನ್ನ ಹಿಂದೆ ನಿಂತಿದ್ದರು. ಮುಖ ನನಗೆ ಕಾಣುತ್ತಿರಲಿಲ್ಲ.

"ನಾನು ಹೋಗಿ ನೋಡ್ಕಂಡು ಬಂದೆ ಅದನ್ನ. ಎಬ್ಬಿಸಿ ಎಬ್ಬಿಸಿ ಕುಡ್ಸು ಅಂತ ಹೇಳಿ ಬಂದೀನಿ, ಆಸ್ಪತ್ರೆಗೂ ತೋರ್ಸು ಅಂದೀನಿ. ಆ ಮಾತು ಆಡಬ್ಯಾಡ ಕಣವ್ವ ನನ್ನ ಮುಂದೆ." ಒಂದು ಚೊಂಬು ನೀರು ಬಿತ್ತು. "ನಂದು ಮೊದಲನೇದು ಗಂಡು. ಎಂಥಾ ಒಳ್ಳೆ ಕೂಸು ಅಂತಿದ್ರು ಎಲ್ರೂ. ರಾತ್ರಿ ಮಲಗಿಸಿದ್ರೆ ಬೆಳಗಾಗಾತನಕ ಸದ್ದೇ ಇಲ್ಲ. ನಮ್ಮತ್ತೆ ಊರಿಗೆಲ್ಲ ಹೇಳ್ಕಂಡು ಬಂದ್ರು. ನಂಗೂ ಮೈಯಾಗೆ ಶಕ್ತಿ ಇರ್ಲಿಲ್ಲ, ನಾನೂ ಮಲಗ್ತಿದ್ದೆ. ಚೆನ್ನಾಗಿ ಮಲಗ್ತಿದ್ದೆ." ಇನ್ನೊಂದು ಚೊಂಬು. "ಇಪ್ಪತ್ತೆರಡು ದಿನ ಇತ್ತು. ಅದು ಮಲಗ್ತಿರ್ಲಿಲ್ಲ ಕಣೇ. ಏಳಾಕೆ ಅದ್ರ ಕೈಲಿ ಆಗ್ತಿರ್ಲಿಲ್ಲ."

ನಾನು ತಿರುಗಲು ಹೋದೆ. ಹೆಗಲು ಒತ್ತಿ ಹಿಡಿದು, "ಅಲ್ಲಾಡಬ್ಯಾಡ, ನೀರು ಕಿವಿಗೆ ಹೋಗ್ತೈತೆ" ಎಂದರು. ಅಂದು ಹಂಡೆಯ ನೀರೆಲ್ಲ ಮುಗಿಯುವವರೆಗೂ ಸುರಿದರು. ಮತ್ತೆ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ, ಬರೆದುಕೊಳ್ಳಲೂ ಇಲ್ಲ. ಇಷ್ಟು ದಿನದ ಮೇಲೆ ಇದೇ ಮೊದಲು ಬರೆಯುತ್ತಿರುವುದು.

ನೂರಾ ನಾಲ್ಕನೇ ದಿನ ರಾತ್ರಿ ಮಗಳು ಒಂಬತ್ತೂ ಇಪ್ಪತ್ತಕ್ಕೆ ಮಲಗಿದಳು. ಹನ್ನೊಂದಕ್ಕೆ ನನಗೆ ತಾನಾಗಿ ಎಚ್ಚರವಾಯಿತು. ಅವಳು ಎದ್ದಿರಲಿಲ್ಲ. ಹನ್ನೆರಡೂವರೆಗೂ ಏಳಲಿಲ್ಲ. ಇದೇ ಗಳಿಗೆಗಾಗಿ ನೂರು ದಿನ ಹಂಬಲಿಸಿದ್ದೆ. ಈಗ ಎದ್ದು ಕೂತೆ. ಎದೆ ತುಂಬಿ ನೋಯುತ್ತಿತ್ತು. ಹೊದಿಕೆ ಏಳುತ್ತಿದೆಯೇ ಎಂದು ಫೋನಿನ ಬೆಳಕನ್ನು ಗೋಡೆಗೆ ಹಿಡಿದು ನೋಡಿದೆ. ಏಳುತ್ತಿತ್ತು. ಮತ್ತೆ ನೋಡಿದೆ. ಇಪ್ಪತ್ತೆರಡು ದಿನ ಎಂಬ ಆ ಮಾತು ತಲೆಯೊಳಗೆ ಸುತ್ತುತ್ತಿತ್ತು. ಎರಡೂ ಮೂವತ್ತೈದಕ್ಕೆ ಅವಳು ಎದ್ದು, ಓಣಿಯೆಲ್ಲ ಕೇಳುವಂತೆ ಕಿರುಚಿ, ಎರಡೂ ಕಡೆ ಕುಡಿದು, ಮತ್ತೆ ಮಲಗಿದಳು. ನಾನು ಮಾತ್ರ ಮಂಚದ ಮೇಲೆ ಕೂತೇ ಬೆಳಗು ಮಾಡಿದೆ.

ಅವರಿಗೆ ಹೇಳುವುದು ಬೇಡ ಎಂದುಕೊಂಡಿದ್ದೆ. ಅವರು ಬಂದು ನನ್ನ ಮುಖ ನೋಡಿದರು.

"ಎಷ್ಟೊತ್ತು?" ಎಂದರು. ಅಷ್ಟು ದಿನದಲ್ಲಿ ಅವರು ಕೇಳಿದ ಮೊದಲ ಅಂಕಿ ಅದು.

"ಐದು ಗಂಟೆ ಹದಿನೈದು ನಿಮಿಷ."

"ಎದ್ದು ಕುಡೀತಾ?"

"ಎರಡೂ ಕಡೆ."

"ಅತ್ತಾ ಗಟ್ಟಿಯಾಗಿ?"

"ಅಮ್ಮ ಎದ್ದು ಬಂದ್ಲು, ಅಷ್ಟು ಗಟ್ಟಿಯಾಗಿ."

"ಹಂಗಾರೆ ಮಲಗೋ ಕಾಲ ಬಂತು ಬಿಡು. ನಾಳೆ ಮತ್ತೆ ನಾಕು ಸಲ ಎದ್ರೆ ಹೆದರಬ್ಯಾಡ, ಹಂಗೇ ಹಿಂದೆ ಮುಂದೆ ಆಡಿಸ್ತವೆ. ನೀನು ಮಲಗಿದ್ಯಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಸೊಪ್ಪಿನ ಕಟ್ಟನ್ನು ಬಾಗಿಲ ಹಿಂದೆ ಇಟ್ಟರು. "ಮಲಕ್ಕ ಈಗ. ನೀರು ಆರಿದ್ರೆ ಆರ್ಲಿ."

ಅಮ್ಮ ಅಡುಗೆಮನೆಯಿಂದ ಕೂಗಿದಳು, "ನಿಮಗಿನ್ನೂ ಎರಡು ಮನೆ ಐತಲ್ಲಕ್ಕಾ?"

"ಕಾಯ್ತಾರೆ ಬಿಡ್ರಿ. ಅವರ ಮನೆ ಹಂಡೆ ಏನು ಓಡೋಗಲ್ಲ."

ನಾನು ಬಿದ್ದುಕೊಂಡದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಗಡಿಯಾರ ಹನ್ನೊಂದೂ ಮುಕ್ಕಾಲು ತೋರಿಸುತ್ತಿತ್ತು. ನಾಲ್ಕು ಗಂಟೆ ಒಂದೇ ಸಮನೆ ಮಲಗಿದ್ದೆ. ಅಲುಗಾಡದೆ ತಲೆಯನ್ನಷ್ಟೇ ಹೊರಳಿಸಿ ನೋಡಿದೆ.

ಅವರು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ. ಕಾಲುಗಳ ಮೇಲೆ ನನ್ನ ಮಗಳು ನಿದ್ದೆ ಮಾಡುತ್ತಿದ್ದಳು. ಕುಡಿಯಲು ಒಮ್ಮೆ ಎದ್ದವಳನ್ನು ಅವರೇ ನನ್ನ ಎದೆಗೆ ಹಿಡಿದು ಕುಡಿಸಿ ಮತ್ತೆ ಕಾಲಿನ ಮೇಲೆ ಹಾಕಿಕೊಂಡರಂತೆ. ನನಗೆ ಎಚ್ಚರವೇ ಆಗಿರಲಿಲ್ಲ, ಅಮ್ಮ ಆಮೇಲೆ ಹೇಳಿದಳು. ಅವರ ಬಲಗೈಯ ತೋರುಬೆರಳು ಮಗುವಿನ ಮೂಗಿನ ಕೆಳಗೆ ಅಡ್ಡಲಾಗಿತ್ತು. ಮುಟ್ಟುತ್ತಿರಲಿಲ್ಲ, ಉಗುರಿನಷ್ಟು ಅಂತರವಿತ್ತು. ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದರೋ.

ನಾನು ನೋಡುತ್ತಿರುವುದು ಅವರಿಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ಸೋತಿರಬೇಕು, ಬದಲಾಯಿಸಿದರು. ಮೊದಲು ಎಡಗೈಯ ಬೆರಳನ್ನು ತಂದು ಮಗುವಿನ ಉಸಿರಿಗೆ ಹಿಡಿದರು. ಅದಕ್ಕೆ ಉಸಿರು ತಗುಲಿದ್ದು ಖಚಿತವಾದ ಮೇಲೆ, ಬಲಗೈಯನ್ನು ಮೆಲ್ಲನೆ ತೆಗೆದರು.